ಸೇತುವೆಯ ಪರೀಕ್ಷೆ ಯಾರ ಸ್ವತ್ತು?



ನಾಡು ಒಂದಾಯಿತು, ಹೊಳೆಗಳ ಮೇಲೆ ಸೇತುವೆಗಳೂ ಆದವು. ಆದರೆ ಆ ಸೇತುವೆಗಳು ಇನ್ನೆಷ್ಟು ದಿನ ನಮ್ಮನ್ನು ಹೊತ್ತಾವು? ಹೇಳಬೇಕಾದವರು ಹೇಳುವದಿಲ್ಲ, ಕೇಳಬೇಕಾದ ನಾವು ಕೇಳುವದಿಲ್ಲ. ಈ ಎರಡು ಮೌನಗಳ ನಡುವೆ ದಿನಾಲು ಸಾವಿರಾರು ಜನರು ಹೊಳೆ ದಾಟುತ್ತಿರುವರು.

ಮಮದಾಪುರದ ಒಬ್ಬ ಒಕ್ಕಲಿಗನನ್ನು ತೆಗೆದುಕೊಳ್ಳಿರಿ. ಅವನು ಗೋಕಾವಿಗೆ ಬಂದು ಮೂಡಲಗಿಯ ಕಡೆಗೆ ಹೊರಟರೆ ಘಟಪ್ರಭೆಯನ್ನು ದಾಟದೆ ಗತಿಯಿಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಲೋಳಸೂರ ಸೇತುವೆ ನೀರಿನಲ್ಲಿ ಮುಳುಗಿದ್ದನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಪೂರ ಬಂದಾಗಲೆಲ್ಲ ಜನರು ಕೇಳುವ ಪ್ರಶ್ನೆ ಒಂದೇ: ದಾರಿ ಎಂದು ತೆರೆದೀತು? ಕೇಳಬೇಕಾದ ಪ್ರಶ್ನೆ ಬೇರೆ: ಕಂಬಗಳ ಬುಡದ ಮಣ್ಣು ಉಳಿದಿದೆಯೋ, ಕೊಚ್ಚಿಹೋಗಿದೆಯೋ? ನೋಡಿದವರು ಯಾರು? ನೋಡಿ ಬರೆದದ್ದು ಏನು? ಸೇತುವೆ ಕಲ್ಲಿನದಿರಲಿ, ಕಾಂಕ್ರೀಟಿನದಿರಲಿ, ಉಕ್ಕಿನದಿರಲಿ, ಈ ಪ್ರಶ್ನೆಗೆ ಉತ್ತರ ಪಡೆಯುವ ಹಕ್ಕು ಅದನ್ನು ದಾಟುವವನದು. ಈ ಲೇಖನದ ವಾದವು ಇಷ್ಟೇ.

ಉಕ್ಕಿನ ಸೇತುವೆಗಳ ವಿಷಯದಲ್ಲಂತೂ ಈ ಹಕ್ಕು ಇನ್ನೂ ಮಹತ್ವದ್ದು. ಸೊಲ್ಲಾಪುರದಿಂದ ವಿಜಾಪುರ, ಚಿತ್ರದುರ್ಗ, ಶಿವಮೊಗ್ಗಗಳ ಮೇಲೆ ಹಾಯ್ದು ಮಂಗಳೂರು ಮುಟ್ಟುತ್ತಿದ್ದ ಹಳೆಯ 13ನೆಯ ರಾಷ್ಟ್ರೀಯ ಹೆದ್ದಾರಿಯನ್ನು ನೆನೆಯಿರಿ. ಕನ್ನಡ ನಾಡಿನ ಉದ್ದಕ್ಕೂ ಎಳೆದ ಆ ಗೆರೆಯು ಕಡಲು ಸೇರುವ ಮುನ್ನ ಗುರುಪುರದ ಹೊಳೆಯನ್ನು ದಾಟುತ್ತಿದ್ದುದು 1923ರ ಒಂದು ಇಕ್ಕಟ್ಟಾದ ಉಕ್ಕಿನ ಸೇತುವೆಯ ಮೇಲೆ. ಎತ್ತಿನ ಬಂಡಿಗಳ ಕಾಲದಲ್ಲಿ ಹುಟ್ಟಿದ ಅದು ಬಹು ಚಕ್ರಗಳ ಲಾರಿಗಳನ್ನು ಹೊತ್ತು ನಿಂತಿತು. ಪಕ್ಕದಲ್ಲಿ ಹೊಸ ಸೇತುವೆ ತೆರೆದದ್ದು 2020ರಲ್ಲಿ. ನೇತ್ರಾವತಿಯ ಮೇಲಿನ ಪಾಣೆಮಂಗಳೂರಿನ ಉಕ್ಕಿನ ಸೇತುವೆಯೂ ಶತಮಾನವನ್ನು ಕಂಡದ್ದೇ. ಕಟ್ಟಿದವರ ಕೌಶಲಕ್ಕೆ ಕೈಮುಗಿಯೋಣ. ಆದರೆ ಕೌಶಲಕ್ಕೂ ಒಂದು ಆಯುಷ್ಯವಿದೆ.

ಉಕ್ಕಿನ ಮುಪ್ಪು ಮುಖದ ಮೇಲೆ ತೋರುವದಿಲ್ಲ. ಎರಡು ತಗಡುಗಳು ಕೂಡುವ ಸಂದಿಯಲ್ಲಿ ಮಳೆಯ ನೀರು ನಿಲ್ಲುವದು, ತುಕ್ಕು ಹುಟ್ಟುವದು, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಬೇಡುವದರಿಂದ ತಗಡುಗಳನ್ನು ಒಳಗಿನಿಂದಲೇ ಸೀಳಿ ರಿವೆಟ್ಟುಗಳ ತಲೆಯನ್ನು ಎಬ್ಬಿಸುವದು. ಬಿಸಿಲು 30 ಅಂಶ ಏರಿದರೆ 100 ಮೀಟರು ಉದ್ದದ ಉಕ್ಕು ಮೂರೂವರೆ ಸೆಂಟಿಮೀಟರಿನಷ್ಟು ಬೆಳೆಯುವದು. ಅದಕ್ಕೆ ಎಡೆಗೊಡಲು ಕಂಬದ ತಲೆಯ ಮೇಲೆ ಇಟ್ಟ ಬೇರಿಂಗುಗಳು ಕೆಸರು ತುಂಬಿ ಬಿಗಿದುಕೊಂಡರೆ, ಬೆಳೆಯುವ ಉಕ್ಕು ಕಂಬವನ್ನೇ ತಳ್ಳುವದು. ಪ್ರತಿಯೊಂದು ಲಾರಿ ದಾಟಿದಾಗಲೂ ಉಕ್ಕು ಬಾಗಿ ಏಳುವದು. ಲಕ್ಷಾಂತರ ಸಲ ಬಾಗಿ ಎದ್ದ ಮೇಲೆ ಕೂದಲೆಳೆಯಂಥ ಬಿರುಕು ಮೂಡುವದು. ಇದನ್ನು ಜೀಪಿನಲ್ಲಿ ಕುಳಿತು ಕಾಣಲಾಗದು. ಕೆಳಗಿಳಿದು, ಕೈಗೆಟಕುವಷ್ಟು ಸಮೀಪಕ್ಕೆ ಹೋಗಿ, ಸುತ್ತಿಗೆಯಿಂದ ತಟ್ಟಿ ದನಿ ಕೇಳಬೇಕು. ಪರೀಕ್ಷೆಯೆಂದರೆ ಅದು. ಮೇಲೆ ಬಣ್ಣ ಬಳಿಯುವದು ಪರೀಕ್ಷೆಯಲ್ಲ. ಬಣ್ಣದ ಕೆಳಗಿನ ತುಕ್ಕು ತುಕ್ಕೇ.

ಅಮೇರಿಕೆಯ ಓಹಾಯೋ ನದಿಯ ಮೇಲೆ 1928ರಲ್ಲಿ ಕಟ್ಟಿದ ಸಿಲ್ವರ್ ಬ್ರಿಜ್ಜು 1967ರ ಡಿಸೆಂಬರ 15ರಂದು ಕುಸಿದು 46 ಜನರನ್ನು ನುಂಗಿತು. ಕಾರಣ, ಒಂದು ಉಕ್ಕಿನ ಕೊಂಡಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರು ಆಳದ ಬಿರುಕು. ಆ ದೇಶದವರು ಅತ್ತು ಸುಮ್ಮನಾಗಲಿಲ್ಲ. ಸೇತುವೆಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸತಕ್ಕದ್ದೆಂಬ ನಿಯಮವನ್ನು 1971ರಲ್ಲಿ ತಂದರು. ಅಷ್ಟಾದರೂ 2007ರಲ್ಲಿ ಮಿನಿಯಾಪೊಲಿಸ್ಸಿನ ಉಕ್ಕಿನ ಹೆದ್ದಾರಿ ಸೇತುವೆ ಬಿದ್ದು 13 ಜನರು ಸತ್ತರು. ಅಲ್ಲಿ ಪರೀಕ್ಷೆಯ ಕಾಗದಗಳಿಗೆ ಕೊರತೆಯಿರಲಿಲ್ಲ. ತೊಲೆಗಳನ್ನು ಕೂಡಿಸುವ ತಗಡುಗಳು ಬೇಕಾದ ದಪ್ಪದಲ್ಲಿ ಅರ್ಧದಷ್ಟೇ ಇದ್ದವು. ಅವು ಬಾಗಿದ್ದುದು 2003ರ ಛಾಯಾಚಿತ್ರಗಳಲ್ಲಿಯೇ ಕಾಣುತ್ತಿತ್ತು. ಕಂಡರೂ ಯಾರೂ ಅದರ ಅರ್ಥವನ್ನು ಕೇಳಲಿಲ್ಲ!

ದೂರದ ಮಾತೇಕೆ? ನೆರೆಯ ಮಹಾರಾಷ್ಟ್ರದ ಮಹಾಡದಲ್ಲಿ ಸಾವಿತ್ರಿ ನದಿಯ ಮೇಲಿನ ಕಲ್ಲಿನ ಹಳೆಯ ಸೇತುವೆ 2016ರ ಆಗಸ್ಟ 2ರ ರಾತ್ರಿ ಎರಡು ಸಾರಿಗೆ ಬಸ್ಸುಗಳೊಡನೆ ಕೊಚ್ಚಿಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅದರ ಪರೀಕ್ಷೆ ನಡೆದಿತ್ತೆಂದು ಸರಕಾರವೇ ಹೇಳಿತು. ನಮ್ಮ ಕಾರವಾರವನ್ನೂ ಸದಾಶಿವಗಡವನ್ನೂ ಕೂಡಿಸಿದ ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ 7ರ ನಡುರಾತ್ರಿ ಕುಸಿಯಿತು. ಕಾಂಕ್ರೀಟಿನ ಆ ಸೇತುವೆಗೆ ವಯಸ್ಸು ಸುಮಾರು 40 ವರ್ಷ ಮಾತ್ರ. ಹೊಳೆಗೆ ಬಿದ್ದದ್ದು ಒಂದೇ ಲಾರಿ. ಅದರ ಚಾಲಕನೂ ಬದುಕಿದನು. ಹಗಲಾಗಿದ್ದರೆ? ಶಾಲೆಗೆ ಮಕ್ಕಳು ಹೋಗುವ ಹೊತ್ತಾಗಿದ್ದರೆ? ದೈವವು ನಮ್ಮ ಪಾಲಿನ ಇಂಜಿನಿಯರ ಕೆಲಸವನ್ನು ಎಷ್ಟು ಸಲ ಮಾಡೀತು?

ಪ್ರತಿವಾದಿಗಳ ಮಾತನ್ನೂ ಕೇಳೋಣ. 'ಪರೀಕ್ಷೆಯ ವರದಿಯನ್ನು ಬಯಲಿಗಿಟ್ಟರೆ ಜನರು ಗಾಬರಿಯಾಗುವರು' ಎನ್ನುವರು. ಗಾಬರಿಯಾಗಬೇಕಾದ ಸೇತುವೆಯ ಮೇಲೆ ನಿರ್ಭಯವಾಗಿ ನಡೆಯಗೊಡುವದು ದಯೆಯಲ್ಲ, ದ್ರೋಹ. 'ಅದು ತಜ್ಞರ ವಿಷಯ, ಸಾಮಾನ್ಯರಿಗೆ ತಿಳಿಯದು' ಎನ್ನುವರು. ವಕೀಲನ ಕಾಗದಪತ್ರಗಳು ಕಕ್ಷಿದಾರನಿಗೆ ತಿಳಿಯವೆಂದು ತೀರ್ಪನ್ನೇ ಅವನಿಂದ ಮುಚ್ಚಿಡಬಹುದೇ? 'ಹಣವಿಲ್ಲ' ಎನ್ನುವರು. ಒಂದು ಹಲಗೆಗೂ ನಾಲ್ಕು ಸಾಲಿನ ಬರಹಕ್ಕೂ ಎಷ್ಟು ಹಣ ಬೇಕು? ಕೇಂದ್ರ ಸರಕಾರವು 2016ರಲ್ಲಿ ಹೆದ್ದಾರಿಗಳ ಸೇತುವೆ, ಮೋರಿಗಳನ್ನೆಲ್ಲ ಎಣಿಸಹೊರಟು 1,70,000ಕ್ಕೂ ಹೆಚ್ಚಿನವನ್ನು ದಾಖಲೆ ಮಾಡಿ, ಒಂದೊಂದಕ್ಕೂ ನಂಬರನ್ನೂ ಸ್ಥಿತಿಯ ಅಂಕವನ್ನೂ ಕೊಟ್ಟಿತು. ಕೆಲಸ ಒಳ್ಳೆಯದೇ. ಆದರೆ ಆ ಅಂಕವು ಸೇತುವೆಯ ತುದಿಯಲ್ಲಿ ಏಕಿಲ್ಲ? 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಕಲಮು, ಜನರು ಕೇಳುವ ಮುಂಚೆಯೇ ಸರಕಾರವು ತಾನಾಗಿ ಮಾಹಿತಿಯನ್ನು ಪ್ರಕಟಿಸಬೇಕೆಂದು ವಿಧಿಸಿದೆ. ಪ್ರಾಣಕ್ಕಿಂತ ದೊಡ್ಡ ಮಾಹಿತಿ ಯಾವುದು?

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ಪ್ರತಿಯೊಂದು ದೊಡ್ಡ ಸೇತುವೆಯ ಎರಡೂ ತುದಿಗಳಲ್ಲಿ, ಕಟ್ಟಿದ ವರ್ಷ, ಕಡೆಯ ಪರೀಕ್ಷೆಯ ದಿನಾಂಕ, ಅದರ ಫಲ, ತಾಳುವ ಭಾರ, ಹೊಣೆಗಾರ ಅಧಿಕಾರಿಯ ಹುದ್ದೆ, ಇವಿಷ್ಟನ್ನು ಸ್ಪಷ್ಟವಾದ ಕನ್ನಡದಲ್ಲಿ ಬರೆದು ನಿಲ್ಲಿಸತಕ್ಕದ್ದು.

2. ಮಳೆಗಾಲಕ್ಕೆ ಮೊದಲು ಒಮ್ಮೆ, ಮಹಾಪೂರ ಇಳಿದ ಬಳಿಕ ಒಮ್ಮೆ, ನೀರಿನ ಕೆಳಗಿನ ಬುಡವನ್ನೂ ಸೇರಿಸಿ ಪರೀಕ್ಷಿಸತಕ್ಕದ್ದು. ವರದಿಯನ್ನು ಗ್ರಾಮಸಭೆಯಲ್ಲಿ ಓದತಕ್ಕದ್ದು.

3. ಅಪಾಯವೆಂದು ಕಂಡುಬಂದರೆ ಹಲಗೆ ತೂಗಹಾಕಿ ಕೈತೊಳೆದುಕೊಳ್ಳದೆ, ದಾರಿಯನ್ನು ಕಟ್ಟಿ ಬದಲಿ ದಾರಿಯನ್ನು ಒದಗಿಸತಕ್ಕದ್ದು. ಪುಣೆಯ ಹತ್ತಿರ ಇಂದ್ರಾಯಣಿಯ ಮೇಲಿನ ಕಬ್ಬಿಣದ ಸೇತುವೆಗೆ ಎಚ್ಚರಿಕೆಯ ಹಲಗೆಯಿತ್ತು. 2025ರ ಜೂನ 15ರಂದು ಅದು ಜನರ ಭಾರಕ್ಕೆ ಕುಸಿದು ನಾಲ್ವರು ಸತ್ತರು.

ಕಡೆಗೆ ಒಂದು ಮಾತು. 1948ರ ಮುಂಚೆ ಇದೇ ಘಟಪ್ರಭೆಯು ಗೋಕಾವಿಯಲ್ಲಿ ಮುಂಬಯಿ ಸರಕಾರದ ನೀರು. ಮುಧೋಳಕ್ಕೆ ಹರಿದರೆ ಸಂಸ್ಥಾನಿಕರ ನೀರು. ಬಾಗಿಲಕೋಟೆಯ ಕಡೆಗೆ ಸಾಗಿದರೆ ತಿರುಗಿ ಮುಂಬಯಿಯ ನೀರು. ಅಂದು ಒಬ್ಬ ಅಧಿಕಾರಿ ಇನ್ನೊಬ್ಬನ ಕಡೆಗೆ ಬೆರಳು ತೋರಿಸಿದರೆ ಕಾರಣವಿತ್ತು. 1948ರಲ್ಲಿ ಆ ಗಡಿಗಳು ಅಳಿದವು. ಆದರೆ ಇಂದು ಈ ಸೇತುವೆ ಹೆದ್ದಾರಿಯವರದು, ಆ ಸೇತುವೆ ಲೋಕೋಪಯೋಗಿಯವರದು, ಅದರಾಚೆಯದು ಪಂಚಾಯತಿಯದು ಎಂದು ಬೆರಳು ತೋರಿಸುವದೇ ನಡೆದಿದ್ದರೆ, ಇವು ಹೊಸ ಸಂಸ್ಥಾನಗಳಲ್ಲದೆ ಮತ್ತೇನು? ಹಳೆಯ ಸಂಸ್ಥಾನಗಳನ್ನು ಕರಗಿಸಿದ ಕನ್ನಡಿಗರಿಗೆ ಇವನ್ನು ಕರಗಿಸುವದು ಕಷ್ಟವಲ್ಲ.

ಏಕೀಕರಣವೆಂದರೆ ನಕಾಶೆಯ ಮೇಲಿನ ಬಣ್ಣವಲ್ಲ. ಮಮದಾಪುರದವನು ಮಂಗಳೂರಿಗೆ ಹೋಗಿ ಸುಖವಾಗಿ ಮನೆಗೆ ಮರಳುವದೇ ಏಕೀಕರಣ. ಮುಂದಿನ ಸಲ ಸೇತುವೆ ಬಂದಾಗ ಗಾಡಿಯನ್ನು ನಿಲ್ಲಿಸಿರಿ, ಅದರ ತುದಿಯಲ್ಲಿ ಏನು ಬರೆದಿದೆಯೆಂದು ನೋಡಿರಿ. ಏನೂ ಇಲ್ಲದಿದ್ದರೆ ಊರಿಗೆ ಬಂದು ಒಂದು ಅರ್ಜಿ ಬರೆಯಿರಿ. ಉತ್ತರ ಬರುವವರೆಗೂ ಬರೆಯುತ್ತಲೇ ಇರಿ.