ಒಗರಿನ ಗುಟ್ಟು

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಆಗೀಗ ಫ್ರೆಂಚ್ ವೈನುಗಳ ರುಚಿ ನೋಡುವ ಸಂಜೆಗಳು ನಡೆಯುತ್ತವೆ. ಒಬ್ಬೊಬ್ಬರ ಮುಂದೆಯೂ ನಾಲ್ಕೈದು ಗಾಜಿನ ಲೋಟಗಳು, ಒಂದೊಂದರಲ್ಲೂ ಎರಡು ಗುಟುಕಿನಷ್ಟು ವೈನು. ಪಕ್ಕದ ತಟ್ಟೆಯಲ್ಲಿ ಚೀಸಿನ ಚೂರು, ಬ್ರೆಡ್ಡು, ಉಪ್ಪು ಹಚ್ಚಿದ ಬಾದಾಮಿ. ಮೊದಲು ಬಿಳಿ, ಆಮೇಲೆ ಕೆಂಪು, ಕೊನೆಗೆ ಸಿಹಿ ಎಂಬುದು ರೂಢಿ. ಯಾವ ವೈನಿನ ಜೊತೆಗೆ ಯಾವ ತಿನಿಸು ಎಂಬುದಕ್ಕೂ ಲೆಕ್ಕಾಚಾರವಿದೆ. ಬೋರ್ಡೊ ಪ್ರದೇಶದ ಕೆಂಪು ವೈನು ಬಂದಾಗ ಕೊಬ್ಬಿನಂಶವಿರುವ ಚೀಸು ತಟ್ಟೆಯಲ್ಲಿ ಇರಲೇಬೇಕು.

ಇದೆಲ್ಲ ಸೊರಬ ತಾಲ್ಲೂಕಿನ ಆನವಟ್ಟಿಗೆ ದೂರದ ಮಾತು, ವಿದ್ಯಾರ್ಥಿಗಳಿಗಂತೂ ಸಲ್ಲದ ಮಾತು ಎನಿಸಬಹುದು. ವೈನು ಮಕ್ಕಳ ಪಾನೀಯವಲ್ಲ, ನಿಜ. ಆದರೆ ಆ ಚೀಸಿನ ಚೂರಿನ ಹಿಂದಿರುವ ರಸಾಯನಶಾಸ್ತ್ರ ಆನವಟ್ಟಿ ಸುತ್ತಿನ ಅಡಿಗೆಮನೆಗಳಲ್ಲಿ ದಿನವೂ ನಡೆಯುತ್ತಿರುವಂಥದ್ದೇ.

ಪೇರಲೆಯ ಕುಡಿಯನ್ನು ಹಸಿಯಾಗಿ ಅಗಿದು ನೋಡಿ. ನಾಲಿಗೆ ಒಣಗಿದಂತೆ, ಕೆನ್ನೆಯ ಒಳಭಾಗ ಹಿಡಿದುಕೊಂಡಂತೆ ಆಗುತ್ತದೆ. ಅದೇ ಕುಡಿಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ ಮತ್ತು ತೆಂಗಿನ ತುರಿಯೊಂದಿಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಆ ಹಿಡಿತ ಈಗ ಎಲ್ಲಿ ಹೋಯಿತು? ಬಾಳೆಹೂವನ್ನು ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಡುವ ಅಜ್ಜಿಯನ್ನು ಕೇಳಿದರೆ, 'ಒಗರು ಹೋಗಲಿ ಅಂತ' ಎನ್ನುತ್ತಾಳೆ. ಉತ್ತರ ಸರಿಯಾಗಿಯೇ ಇದೆ. ಆದರೆ ಒಗರು ಹೋಗುವುದು ಹೇಗೆ?

ಒಗರಿಗೆ ಮುಖ್ಯ ಕಾರಣ ಟ್ಯಾನಿನ್ ಎಂಬ ವಸ್ತುಗಳ ಗುಂಪು. ನಮ್ಮ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳಿವೆ. ಯಂತ್ರಕ್ಕೆ ಎಣ್ಣೆ ಹೇಗೋ ಬಾಯಿಗೆ ಅವು ಹಾಗೆ. ಟ್ಯಾನಿನ್ ಈ ಪ್ರೋಟೀನುಗಳನ್ನು ಹಿಡಿದು ಗಟ್ಟಿಗೊಳಿಸುತ್ತದೆ. ಆಗ ಬಾಯಿಯ ಜಾರುವ ಗುಣ ಕಡಿಮೆಯಾಗಿ, ನಾಲಿಗೆಯೂ ಕೆನ್ನೆಯೂ ಒರಟಾಗಿ ಉಜ್ಜಿಕೊಳ್ಳುತ್ತವೆ. ಆಯುರ್ವೇದದ ಆರು ರಸಗಳಲ್ಲಿ ಒಗರೂ ಒಂದು. ಇಂದಿನ ವಿಜ್ಞಾನಿಗಳಲ್ಲಿ ಹಲವರು ಮಾತ್ರ ಒಗರನ್ನು ರುಚಿ ಎನ್ನುವುದಕ್ಕಿಂತ ಸ್ಪರ್ಶ ಎನ್ನಲು ಇಷ್ಟಪಡುತ್ತಾರೆ.

ದ್ರಾಕ್ಷಿಯಲ್ಲಿ ಟ್ಯಾನಿನ್ ಇರುವುದು ಹೆಚ್ಚಾಗಿ ಸಿಪ್ಪೆ ಮತ್ತು ಬೀಜದಲ್ಲಿ. ಬಿಳಿ ವೈನಿಗೆ ರಸವನ್ನು ಮೊದಲೇ ಹಿಂಡಿ ಬೇರೆ ಮಾಡುತ್ತಾರೆ. ಕೆಂಪು ವೈನಾದರೆ ರಸ ಹುದುಗುವಾಗ ಸಿಪ್ಪೆ, ಬೀಜ ಅದರಲ್ಲೇ ಇರುತ್ತವೆ. ಆದ್ದರಿಂದ ಕೆಂಪು ವೈನಿಗೆ ಒಗರು ಹೆಚ್ಚು. 1988ರಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಆರಂಭಿಸಿದ ದ್ರಾಕ್ಷಿತೋಟ ಫ್ರಾನ್ಸಿನ ತಳಿಗಳನ್ನು ನಮ್ಮ ಮಣ್ಣಿಗೆ ತಂದಿತು. ಮಣ್ಣು ಬದಲಾದರೂ ಸಿಪ್ಪೆಯ ಗುಣ ಬಿಡಲಿಲ್ಲ.

ಗುಟುಕಿನ ಮೇಲೆ ಗುಟುಕು ಕುಡಿದಂತೆ ಒಗರು ಏರುತ್ತ ಹೋಗುತ್ತದೆ. 2012ರಲ್ಲಿ ಅಮೆರಿಕದ ಪಾಲ್ ಬ್ರೆಸ್ಲಿನ್ ಮತ್ತು ಸಂಗಡಿಗರು ದ್ರಾಕ್ಷಿ ಬೀಜದ ಸಾರದಂಥ ಒಗರು ದ್ರವಗಳನ್ನು ಜನರಿಗೆ ಮತ್ತೆ ಮತ್ತೆ ಕೊಟ್ಟು ಇದನ್ನು ಪರೀಕ್ಷಿಸಿದರು. ನಡುನಡುವೆ ಕೊಬ್ಬಿನ ತಿನಿಸು ತಿಂದಾಗ ಒಗರು ಅದರ ಜಿಡ್ಡನ್ನು ತಗ್ಗಿಸಿತು, ಜಿಡ್ಡು ಒಗರನ್ನು ತಗ್ಗಿಸಿತು. ಚೀಸಿನಲ್ಲಿ ಕೊಬ್ಬಿನ ಜೊತೆಗೆ ಹಾಲಿನ ಪ್ರೋಟೀನೂ ಇದೆ. ಟ್ಯಾನಿನ್ನಿಗೆ ಹಿಡಿಯಲು ಅದೇ ಸಿಕ್ಕಿದರೆ ಜೊಲ್ಲಿನ ಪ್ರೋಟೀನು ಅಷ್ಟರಮಟ್ಟಿಗೆ ಉಳಿದುಕೊಳ್ಳುತ್ತದೆ. ತಂಬುಳಿಯ ತುಪ್ಪ, ತೆಂಗು, ಮಜ್ಜಿಗೆ ಮಾಡುವುದೂ ಇದನ್ನೇ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚಹಾಪುಡಿಯನ್ನು ಚೆನ್ನಾಗಿ ಕುದಿಸಿ ಸೋಸಿ, ಆರಿದ ಮೇಲೆ ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ಹಾಲು ಬೆರೆಸಿ, ಇನ್ನೊಂದಕ್ಕೆ ಅಷ್ಟೇ ನೀರು. ಸಕ್ಕರೆ ಬೇಡ. ಎರಡನ್ನೂ ಒಂದೊಂದು ಗುಟುಕು ಬಾಯಲ್ಲಿ ಆಡಿಸಿ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಮೊಟ್ಟೆ ಬಳಸುವ ಮನೆಯಾದರೆ, ಸೋಸಿದ ಕಷಾಯದ ಇನ್ನೊಂದು ಲೋಟಕ್ಕೆ ನೀರಿನಲ್ಲಿ ಕದಡಿದ ಮೊಟ್ಟೆಯ ಬಿಳಿಯನ್ನು ಸ್ವಲ್ಪ ಹಾಕಿ. ತಿಳಿಯಾಗಿದ್ದ ಕಷಾಯ ಕದಡುತ್ತದೆ. ಇದನ್ನು ಕುಡಿಯಬೇಡಿ. ಬೋರ್ಡೊದಲ್ಲಿ ಕೆಂಪು ವೈನಿನ ಒರಟು ಒಗರನ್ನು ತೆಗೆಯಲು ಮೊಟ್ಟೆಯ ಬಿಳಿ ಬಳಸುವ ಪದ್ಧತಿ ಹಳೆಯದು.

ಟ್ಯಾನಿನ್ ಎಂಬ ಹೆಸರು ಬಂದದ್ದು ಚರ್ಮ ಹದ ಮಾಡುವ ಕಸುಬಿನಿಂದ. ತಂಗಡಿಯ ತೊಗಟೆ, ಅಳಲೆಕಾಯಿಗಳ ಟ್ಯಾನಿನ್ ಹಸಿ ಚರ್ಮದ ಕೊಲಾಜನ್ ಎಂಬ ಪ್ರೋಟೀನನ್ನು ಹಿಡಿದು ಬಿಗಿಗೊಳಿಸುತ್ತದೆ. ಆ ಚರ್ಮ ಬೇಗ ಕೊಳೆಯುವುದಿಲ್ಲ.

ಇಲ್ಲಿಗೆ ಬಂದಾಗ ಅಡಿಕೆಯ ಮಾತನ್ನು ಆಡಲೇಬೇಕು. ಎಳೆಯ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸುವ ಮನೆಯ ಮಕ್ಕಳಿಗೆ ಟ್ಯಾನಿನ್ ಏನೆಂದು ಹೇಳಿಕೊಡಬೇಕಾಗಿಲ್ಲ. ಅವರ ಬೆರಳಿಗೆ ಹತ್ತಿದ ಕೆಂಪಿನಲ್ಲೇ ಅದು ಇದೆ. ಒಂದು ಲೋಟ ಚಹಾದ ಒಗರು ಸ್ವಲ್ಪ ಹೊತ್ತಿನಲ್ಲಿ ಹೊಸ ಜೊಲ್ಲಿನಿಂದ ತೊಳೆದುಹೋಗುತ್ತದೆ. ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಂಡ ಅಡಿಕೆಯ ಕಥೆ ಬೇರೆ. ಅಡಿಕೆಯ ಅರೆಕೊಲಿನ್ ಬಾಯಿಯೊಳಗೆ ಹೆಚ್ಚು ಕೊಲಾಜನ್ ಬೆಳೆಯುವಂತೆ ಮಾಡುತ್ತದೆ. ಟ್ಯಾನಿನ್ ಅದು ಕರಗದಂತೆ ಬಿಗಿಯುತ್ತದೆ. ಕ್ರಮೇಣ ಕೆನ್ನೆ ಗಡುಸಾಗಿ ಬಾಯಿ ಪೂರ್ತಿ ತೆರೆಯಲಾಗದ ಕಾಯಿಲೆ ಬರುತ್ತದೆ. ಖಾರ ತಾಳದೆ ಉರಿಯುವುದು ಅದರ ಮುನ್ಸೂಚನೆಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರ ವರದಿಯಲ್ಲಿ ಮದ್ಯವನ್ನೂ, 2004ರ ವರದಿಯಲ್ಲಿ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು.

ಅಡಿಕೆ ಬೆಳೆದು ಮಕ್ಕಳನ್ನು ಓದಿಸುವ ಊರಿನಲ್ಲಿ ಇದು ಸುಲಭದ ಮಾತಲ್ಲ. ಆದರೂ ಬೆಳೆಯುವ ಕೈಗೂ ಅಗಿಯುವ ಬಾಯಿಗೂ ವ್ಯತ್ಯಾಸವಿದೆ. ಮಗನ ಜೇಬಿನಲ್ಲಿ ಚೀಟಿ ಸಿಕ್ಕಾಗ ಬೈಯುವುದಕ್ಕಿಂತ, ಬಾಯಿ ತೆರೆಸಿ ಮೂರು ಬೆರಳು ಒಂದರ ಮೇಲೊಂದು ನಿಲ್ಲುತ್ತವೆಯೇ ಎಂದು ತಂದೆ ತಾಯಿ ನೋಡುವುದು ಒಳ್ಳೆಯದು. ನಿಲ್ಲದಿದ್ದರೆ ತಡಮಾಡದೆ ದಂತವೈದ್ಯರಲ್ಲಿಗೆ ಕರೆದೊಯ್ಯಬೇಕು.

ವೈನಿನ ಸಂಜೆಗಳಲ್ಲಿ ಕಂಡುಬರುವ ಇನ್ನೊಂದು ವಸ್ತು ಉಗುಳುವ ಪಾತ್ರೆ. ವೃತ್ತಿಯಿಂದ ರುಚಿ ನೋಡುವವರು ಮೂಸಿ, ಬಾಯಲ್ಲಿ ಆಡಿಸಿ, ಬರೆದುಕೊಂಡು, ಉಗುಳಿಬಿಡುತ್ತಾರೆ. ರುಚಿ ತಿಳಿಯುವುದಕ್ಕೆ ಅಷ್ಟು ಸಾಕು ಎಂಬುದು ಅವರಿಗೆ ಗೊತ್ತು.