ಫೋನ್ ಇದೆ, ಮಾತಾಡಲು ಜಾಗವೆಲ್ಲಿ?

ಮಾನ್ಯ ಸಂಪಾದಕರೇ,

ಮಕ್ಕಳ ಆತಂಕ, ಖಿನ್ನತೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದ ಸಂಪಾದಕೀಯದ ಕೊನೆಯ ಭಾಗಕ್ಕೆ ನನ್ನ ತಕರಾರಿದೆ. ಮನೋವೈದ್ಯರಿಲ್ಲದ ಊರುಗಳ ಕೊರತೆಯನ್ನು ‘ಟೆಲಿ ಮಾನಸ್’ ಸಹಾಯವಾಣಿ ನೀಗಿಸಿದೆ, ಮಕ್ಕಳು 14416 ಒತ್ತಿದರೆ ಸಾಕು ಎಂಬ ಧಾಟಿಯಲ್ಲಿ ಅದು ಮುಗಿಯುತ್ತದೆ. ಆ ಮಗು ಯಾರ ಫೋನಿನಿಂದ, ಎಲ್ಲಿ ಕೂತು, ಯಾರ ಎದುರಿಗೆ ಒತ್ತಬೇಕು?

ನಾನು ಫೋನ್ ಚಿಕಿತ್ಸೆಯ ವಿರೋಧಿಯಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಹಗಲಿರುಳೂ ಉಚಿತವಾಗಿ ಸಿಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಅದೇ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪೈಕಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅಷ್ಟೂ ಮಕ್ಕಳಿಗೆ ಊರೂರಿನಲ್ಲಿ ವೈದ್ಯರನ್ನು ಕೂರಿಸುವುದು ಸದ್ಯಕ್ಕೆ ಆಗುವ ಮಾತಲ್ಲ. ನಡುರಾತ್ರಿ ಕಂಗೆಟ್ಟ ತಾಯಿಯೊಬ್ಬಳಿಗೆ ಆ ಕಡೆಯಿಂದ ಒಂದು ದನಿ ಸಿಕ್ಕರೆ ಅದು ಸಣ್ಣದಲ್ಲ.

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ ನಾನು ಈಗ ಮಗಳ ಮನೆಯಲ್ಲಿ, ತಿರುವನಂತಪುರದ ವಿಳಿಂಜಂನಲ್ಲಿ ಇದ್ದೇನೆ. ಪ್ರಪಂಚದ ಅತಿ ದೊಡ್ಡ ಕಂಟೇನರ್ ಹಡಗುಗಳು ಬಂದು ನಿಲ್ಲುವ ಬಂದರಿನ ಪಕ್ಕದಲ್ಲೇ ಮೀನುಗಾರರ ಮನೆಗಳು ಒಂದಕ್ಕೊಂದು ಗೋಡೆ ಆನಿಸಿ ನಿಂತಿವೆ. ಒಂದು ಕೋಣೆ, ಒಂದು ಅಡುಗೆಮನೆ, ಅಜ್ಜಿ ಮಲಗುವ ಜಗಲಿ. ಮನೆಗೆ ಒಂದೋ ಎರಡೋ ಫೋನು, ಅಪ್ಪನದು ದೋಣಿಯಲ್ಲಿ, ಅಮ್ಮನದು ಮೀನಿನ ಬುಟ್ಟಿಯ ಜೊತೆ ಸಂತೆಯಲ್ಲಿ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಈ ಕರಾವಳಿಯ ಎಷ್ಟೋ ಗಂಡಸರನ್ನು ನುಂಗಿತು. ಆಗ ಎಳೆಯರಾಗಿದ್ದವರು ಈಗ ಹೈಸ್ಕೂಲು, ಪ್ಲಸ್ ಟೂ ಮಕ್ಕಳು. ಗಾಳಿಯ ಮುನ್ನೆಚ್ಚರಿಕೆ ಬಂದ ದಿನ ಅಪ್ಪ ಕಡಲಿನಲ್ಲಿದ್ದರೆ ಊಟ ಸೇರದ ಮಕ್ಕಳು ಇಲ್ಲಿ ಈಗಲೂ ಇದ್ದಾರೆ. ಆ ಭಯ ಸುಳ್ಳು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದು ವರ್ಷವಿಡೀ ಹೊಟ್ಟೆನೋವಾಗಿ, ಶಾಲೆ ಬೇಡವೆಂಬ ಹಟವಾಗಿ ಉಳಿದರೆ ಚಿಕಿತ್ಸೆ ಬೇಕು. ಅಜ್ಜಿ, ತಮ್ಮ, ಪಕ್ಕದ ಮನೆಯವರೆಲ್ಲ ಕೇಳುವಂತಿರುವ ಕಡೆ ಅಂಥ ಹುಡುಗಿಯೊಬ್ಬಳು ‘ನನಗೆ ಬದುಕುವುದು ಬೇಡ ಅನಿಸುತ್ತದೆ’ ಎಂದು ಫೋನಿನಲ್ಲಿ ಹೇಳುತ್ತಾಳೆಯೇ? ‘ಹೂಂ, ಇಲ್ಲ, ಪರವಾಗಿಲ್ಲ’ ಎಂದು ಕರೆ ಮುಗಿಸುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಅದೂ ಒಂದು ಕರೆಯೇ.

ಕಾನೂನು ಕೂಡ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ವೈದ್ಯರು ಅಪ್ರಾಪ್ತರನ್ನು ಫೋನ್ ಅಥವಾ ವಿಡಿಯೊದಲ್ಲಿ ನೋಡಬೇಕಾದರೆ ಗುರುತು ಖಚಿತವಾದ ವಯಸ್ಕರೊಬ್ಬರು ಜೊತೆಗಿರಬೇಕು. ನಿಯಮ ಸರಿಯಾದದ್ದೇ. ಆದರೆ ಮನೆಯ ಕುಡಿತ, ಹೊಡೆತವೇ ಮಗುವಿನ ಸಂಕಟವಾದರೆ, ಪಕ್ಕದಲ್ಲಿ ಕೂತವರ ಮುಖ ನೋಡಿಕೊಂಡೇ ಅದು ಮಾತಾಡಬೇಕಾಗುತ್ತದೆ. ಚಿಕಿತ್ಸೆಗೆ ಹೆತ್ತವರ ಒಪ್ಪಿಗೆ ಬೇಕು ನಿಜ. ಮಾತಿನ ಹೊತ್ತಿಗೆ ಜೊತೆಗಿರಬೇಕಾದ ವಯಸ್ಕರು ಶಾಲೆಯ ಕೌನ್ಸೆಲರ್ ಏಕಾಗಬಾರದು?

ಇನ್ನೊಂದು ವಿಷಯ. ಒಂದು ಕರೆ ಸಾಂತ್ವನ ಕೊಡಬಹುದು, ಚಿಕಿತ್ಸೆಯಾಗುವುದಿಲ್ಲ. ಆತಂಕಕ್ಕೆ ಕೊಡುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ವಾರವಾರ ನಡೆಯಬೇಕು. ಹೆದರುವ ಸಂಗತಿಗೆ ಮಗು ಮೆಲ್ಲಗೆ ಎದುರಾಗುವುದನ್ನು ಒಬ್ಬರೇ ಜೊತೆಗಿದ್ದು ಕಲಿಸಬೇಕು. ಖಿನ್ನತೆ ತೀವ್ರವಾಗಿ ಫ್ಲುಆಕ್ಸೆಟಿನ್‌ನಂಥ ಮಾತ್ರೆ ಶುರು ಮಾಡಿದರಂತೂ ಮೊದಲ ವಾರಗಳಲ್ಲಿ ಕಣ್ಣಿಟ್ಟು ಕಾಯಬೇಕು. ಕೆಲವು ಮಕ್ಕಳಲ್ಲಿ ಈ ಗುಂಪಿನ ಮಾತ್ರೆಗಳಿಂದ ಸಾವಿನ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಔಷಧದ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಲು ಆದೇಶಿಸಿತು. ಪಾಳಿ ಬದಲಾದಂತೆ ಬೇರೆ ಬೇರೆಯವರು ಎತ್ತಿಕೊಳ್ಳುವ ಫೋನು ಈ ಕಾವಲು ಕಾಯಲಾರದು. ಕೊಚ್ಚಿಯ ಕಾಕ್ಕನಾಡಿನ ಫ್ಲಾಟುಗಳಲ್ಲಿ ದುಡ್ಡಿರುವ ಹೆತ್ತವರು ಮಕ್ಕಳಿಗೆ ವಾರವಾರ ಅದೇ ಮನಶ್ಶಾಸ್ತ್ರಜ್ಞರನ್ನು ವಿಡಿಯೊದಲ್ಲಿ ಕೂರಿಸುತ್ತಾರೆ, ಬಾಗಿಲು ಹಾಕಿಕೊಳ್ಳುವ ಕೋಣೆಯೂ ಅಲ್ಲಿದೆ. ಟೆಲಿ ಚಿಕಿತ್ಸೆ ಫಲಿಸುತ್ತದೆ ಎಂದು ನೀವು ಬರೆದದ್ದು ಆ ಮನೆಗಳ ಮಟ್ಟಿಗೆ ನಿಜವಿರಬಹುದು.

ಮಕ್ಕಳ ಈ ಸಂಕಟ ಕೇರಳಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 2020ರ ಲಾಕ್‌ಡೌನ್ ಶುರುವಾದಂದಿನಿಂದ ಜುಲೈ ಮೊದಲ ದಿನಗಳೊಳಗೆ ರಾಜ್ಯದಲ್ಲಿ 18ರೊಳಗಿನ 66 ಮಕ್ಕಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ ಎಂದು ಆಗ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಅವರೇ ಹೇಳಿದ್ದರು. ಆಗ ಪೊಲೀಸ್ ಇಲಾಖೆ ಮಕ್ಕಳಿಗಾಗಿ ‘ಚಿರಿ’ ಎಂಬ ಫೋನ್ ಸೇವೆ ತೆರೆಯಿತು. ಆರೋಗ್ಯ ಇಲಾಖೆಯ ‘ಒಟ್ಟಕ್ಕಲ್ಲ ಒಪ್ಪಮುಂಡ್’ ಕಾರ್ಯಕ್ರಮದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಮಕ್ಕಳ ಕರೆಗೆ ಕಾಯದೆ ತಾವಾಗಿಯೇ ಫೋನ್ ಮಾಡಿದರು. ನನಗೆ ಮುಖ್ಯವಾಗಿ ಕಾಣುವುದು ಇದೇ, ಮಗು ಕರೆಯಲಿ ಎಂದು ಕಾಯಲಿಲ್ಲ. ಸಾಂಕ್ರಾಮಿಕ ಮುಗಿದ ಮೇಲೆ ಮತ್ತೆ ಮಗುವಿನ ಕೈಗೇ ನಂಬರು ಕೊಟ್ಟು ಕೂತಿದ್ದೇವೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ: ಟೆಲಿ ಚಿಕಿತ್ಸೆಯನ್ನು ಮನೆಯಿಂದ ಶಾಲೆಗೆ ತನ್ನಿ. ಕೇರಳದ ಹಲವು ಸರ್ಕಾರಿ ಶಾಲೆಗಳಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಕೌನ್ಸೆಲರುಗಳು ಆಗಲೇ ಇದ್ದಾರೆ, ಗುತ್ತಿಗೆಯ ಕೆಲಸ, ಕೂರಲು ಸ್ಟಾಫ್ ರೂಮಿನ ಮೂಲೆ. ಅವರಿಗೆ ಬಾಗಿಲಿರುವ ಒಂದು ಕೋಣೆ, ಒಂದು ಪರದೆ, ವಾರದಲ್ಲಿ ಒಂದು ಗೊತ್ತಾದ ಹೊತ್ತು ಕೊಟ್ಟು, ಆ ಹೊತ್ತಿಗೆ ವೈದ್ಯಕೀಯ ಕಾಲೇಜಿನಿಂದ ಅದೇ ಮನೋವೈದ್ಯರು ವಿಡಿಯೊಗೆ ಬರುವಂತಾಗಲಿ. ಶಾಲೆ ಬಿಟ್ಟ ಮಕ್ಕಳಿಗೆ ಕುಟುಂಬ ಆರೋಗ್ಯ ಕೇಂದ್ರವಿದೆ. ದೊಡ್ಡವರ ಖಿನ್ನತೆಗೆ ಅಲ್ಲಿ ‘ಆಶ್ವಾಸಂ’ ಕ್ಲಿನಿಕ್ ನಡೆಯುತ್ತದೆ, ಹದಿಹರೆಯದವರಿಗೂ ಒಂದು ದಿನ ಮೀಸಲಿಡಬಹುದು.

ನನ್ನ ಕಾಸರಗೋಡಿಗೂ ಇದು ಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಕುಂಬಳೆಯ ಹುಡುಗನ ಕರೆ, ಕರೆಗಳನ್ನು ಆಯಾ ರಾಜ್ಯದ ಕೇಂದ್ರಕ್ಕೇ ಕಳಿಸುವ ಪದ್ಧತಿಯಲ್ಲಿ, ಕೇರಳಕ್ಕೇ ಹೋಗುತ್ತದೆ, ಅಲ್ಲಿ ಕನ್ನಡದ ದನಿ ಸಿಕ್ಕೀತೇ? ಭಾರತದಲ್ಲಿ ನೋಂದಾಯಿತರಾದ ವೈದ್ಯರು ದೇಶದ ಯಾವ ಮೂಲೆಯ ರೋಗಿಯನ್ನೂ ಪರದೆಯ ಮೇಲೆ ನೋಡಬಹುದೆಂದು ಅದೇ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳು ನಮ್ಮ ಕೈಗೆ ಸಿಗದೆ ಹೋದದ್ದನ್ನು ಕಂಡವರು ನಾವು. ಪರದೆಗೆ ಯಾವ ಚೆಕ್‌ಪೋಸ್ಟ್ ಇದೆ? ಗಡಿನಾಡಿನ ಕನ್ನಡ ಶಾಲೆಗಳ ಕೋಣೆಗೆ ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಕನ್ನಡದ ಮನೋವೈದ್ಯರೊಬ್ಬರು ಬರಲು ಎರಡು ರಾಜ್ಯಗಳ ಆರೋಗ್ಯ ಕಾರ್ಯದರ್ಶಿಗಳು ಒಂದು ಪತ್ರಕ್ಕೆ ಸಹಿ ಹಾಕಿದರೆ ಸಾಕು. ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಅದು ಆಗಬೇಕು, ನಿಮ್ಮ ಪತ್ರಿಕೆ ಅದನ್ನು ಕೇಳಬೇಕು.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ
ವಿಳಿಂಜಂ, ತಿರುವನಂತಪುರ