ಕೀ ಉತ್ತರ ಬದಲಾಗುವ ಪರೀಕ್ಷೆ



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ ಮುಷ್ಟಿಯುದ್ಧದ ವಿಷಯ ತೆಗೆದ. ಹೆವಿವೇಟ್ ವಿಭಾಗದಲ್ಲಿ ಎಷ್ಟೇ ಪಂದ್ಯಗಳನ್ನು ಗೆದ್ದರೂ ವಿಶ್ವ ಪಟ್ಟಕ್ಕಾಗಿ ಸೆಣಸುವ ಅವಕಾಶ ತಾನಾಗಿ ಒದಗುವುದಿಲ್ಲವಂತೆ. ಕೊಡುವ ಕೈಗಳು ಕೊಡಬೇಕಂತೆ. 1915ರಲ್ಲಿ ಜಾಕ್ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ 1937ರಲ್ಲಿ ಜೋ ಲೂಯಿಗೆ ಅವಕಾಶ ದೊರೆಯುವವರೆಗೆ ಯಾವ ಕಪ್ಪು ವರ್ಣೀಯನನ್ನೂ ಆ ಕಣಕ್ಕೆ ಬಿಡಲಿಲ್ಲ. ಹ್ಯಾರಿ ವಿಲ್ಸ್ ಎಂಬ ಸಮರ್ಥ ಸ್ಪರ್ಧಿ ಜಾಕ್ ಡೆಂಪ್ಸಿಯ ಎದುರು ನಿಲ್ಲಲು ವರ್ಷಗಟ್ಟಲೆ ಕಾದರೂ ಆ ಪಂದ್ಯ ನಡೆಯಲೇ ಇಲ್ಲ. ಅಲ್ಲಿದ್ದುದು ವರ್ಣದ್ವೇಷ. ನಾನು ಇಲ್ಲಿ ಹೇಳಹೊರಟಿರುವ ಪ್ರಸಂಗದಲ್ಲಿ ಅಂಥ ಪಾಪವಿಲ್ಲ. ಆದರೂ ಆ ಮಾತು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಕರುಣ್ ನಾಯರ್.

2025ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ಕರ್ನಾಟಕಕ್ಕೂ ಗೋವಾಕ್ಕೂ ರಣಜಿ ಪಂದ್ಯ ನಡೆಯಿತು. ನ್ಯೂ ಟೌನ್‌ನಿಂದ ಅದು ಬಹಳ ದೂರವೇನಲ್ಲ. ಮೊಣಕಾಲು ನೋವು ನನ್ನನ್ನು ಮನೆಯಲ್ಲೇ ಕೂರಿಸಿತು. ಕರ್ನಾಟಕ ಗಳಿಸಿದ 371 ರನ್‌ಗಳಲ್ಲಿ ಕರುಣ್ ಅವರ ಪಾಲು ಅಜೇಯ 174 ಎಂಬುದನ್ನು ಮರುದಿನ ಪತ್ರಿಕೆಯಲ್ಲಿ ಓದಿದೆ. ಮುಂದಿನ ಪಂದ್ಯದಲ್ಲಿ ಕೇರಳದ ವಿರುದ್ಧ 233. ಅದಾದ ಬೆನ್ನಲ್ಲೇ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್ ಸರಣಿಗೆ ತಂಡ ಪ್ರಕಟವಾಯಿತು. ಅದರಲ್ಲಿ ಅವರ ಹೆಸರಿರಲಿಲ್ಲ.

ಅವರಿಗೆ ಇದು ಹೊಸ ಅನುಭವವೇನಲ್ಲ. 2015ರ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಗಳಿಸಿ ರಾಜ್ಯಕ್ಕೆ ಪ್ರಶಸ್ತಿ ತಂದವರು ಅವರು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಭಾರತದ ಪರವಾಗಿ ಟೆಸ್ಟ್‌ನಲ್ಲಿ ಮುನ್ನೂರು ದಾಟಿದ ಎರಡನೆಯ ಆಟಗಾರ, ಮೊದಲಿಗರು ಸೆಹ್ವಾಗ್. ತಮ್ಮ ಮೊಟ್ಟಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿಸಿದವರು ಅವರಿಗಿಂತ ಮೊದಲು ಜಗತ್ತಿನಲ್ಲಿ ಇಬ್ಬರೇ: ಸೋಬರ್ಸ್ ಮತ್ತು ಸಿಂಪ್ಸನ್. ಮುಂದಿನ ಟೆಸ್ಟ್‌ನಲ್ಲಿ ಕರುಣ್ ಹನ್ನೊಂದರ ಬಳಗದ ಹೊರಗಿದ್ದರು! ಗಾಯಗೊಂಡಿದ್ದ ರಹಾನೆ ಮರಳಿದ್ದರು. ಒಬ್ಬರ ಒಂದು ಪಂದ್ಯ ಇನ್ನೊಬ್ಬರ ಎರಡು ವರ್ಷಗಳ ಶ್ರಮವನ್ನು ಅಳಿಸಬಾರದು ಎಂಬುದು ನಾಯಕ ಕೊಹ್ಲಿಯವರ ಸಮರ್ಥನೆ. ಆ ಮಾತಿನಲ್ಲಿ ನ್ಯಾಯವಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಅನಂತರ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನಿಂಗ್ಸ್‌ಗಳಲ್ಲಿ ವಿಫಲರಾದೊಡನೆ ಕರುಣ್ ಅವರನ್ನು ಕೈಬಿಟ್ಟರಲ್ಲ, ಆಗ ಈ ನ್ಯಾಯ ಎಲ್ಲಿ ಹೋಗಿತ್ತು? ಒಂದು ದೊಡ್ಡ ಗೆಲುವು ಸಾಕ್ಷ್ಯವಲ್ಲ ಎನ್ನುವವರಿಗೆ ನಾಲ್ಕು ಸಣ್ಣ ಸೋಲುಗಳು ಮಾತ್ರ ಸಾಕ್ಷ್ಯವಾಗುವುದು ಹೇಗೆ? ಆರು ಟೆಸ್ಟ್‌ಗಳಲ್ಲಿ 374 ರನ್, ಸರಾಸರಿ 62.33. ಇಷ್ಟು ಅಂಕ ಪಡೆದವನನ್ನು ಅನುತ್ತೀರ್ಣನೆಂದು ಸಾರಿದ ಶಾಲೆಯನ್ನು ನಾನು ಕಂಡಿಲ್ಲ.

2018ರಲ್ಲಿ ಅವರನ್ನು ಇಂಗ್ಲೆಂಡಿಗೆ ಕರೆದೊಯ್ದರು. ಐದು ಟೆಸ್ಟ್‌ಗಳಲ್ಲಿ ಒಂದರಲ್ಲೂ ಆಡಿಸಲಿಲ್ಲ. ಓವಲ್‌ನಲ್ಲಿ ಒಂದು ಸ್ಥಾನ ತೆರವಾದಾಗ ಸರಣಿಯ ನಡುವೆ ಕರೆಸಿಕೊಂಡ ಹನುಮ ವಿಹಾರಿಗೆ ಅದು ದೊರೆಯಿತು. ವಿಹಾರಿ ಅರ್ಧಶತಕ ಗಳಿಸಿದರು. ಅವರ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ಬೇಸಿಗೆಯಿಡೀ ಬೆಂಚಿನ ಮೇಲೆ ಕುಳಿತವನಿಗೆ ಯಾರಾದರೂ ಕಾರಣ ಹೇಳಬೇಕಿತ್ತಲ್ಲವೇ?

ಪರರನ್ನು ದೂರುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. 2022ರ ಹೊತ್ತಿಗೆ ಕರ್ನಾಟಕವೇ ಅವರನ್ನು ಬಿಟ್ಟುಬಿಟ್ಟಿತು. ಆ ಡಿಸೆಂಬರ್‌ನಲ್ಲಿ ಅವರು ಕ್ರಿಕೆಟ್ಟನ್ನೇ ಸಂಬೋಧಿಸಿ ಇನ್ನೊಂದು ಅವಕಾಶ ಬೇಡಿದ ಒಂದು ಸಾಲು ದೇಶವೆಲ್ಲ ಹರಡಿತು. ಮನುಷ್ಯರು ಕೇಳದಾಗ ಆಟವನ್ನೇ ದೇವರೆಂದು ಬಗೆದು ಮೊರೆಯಿಡುವ ಸ್ಥಿತಿ! ಅವರು ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಎಂಟು ಇನಿಂಗ್ಸ್‌ಗಳಲ್ಲಿ ಐದು ಶತಕಗಳೊಡನೆ 779 ರನ್. ಔಟಾದದ್ದು ಎರಡೇ ಸಲ. ಅದೇ ಸಾಲಿನ ರಣಜಿಯಲ್ಲಿ 863 ರನ್, ಕೇರಳದ ವಿರುದ್ಧದ ಅಂತಿಮ ಪಂದ್ಯದಲ್ಲಿ 86 ಮತ್ತು 135, ವಿದರ್ಭಕ್ಕೆ ಪ್ರಶಸ್ತಿ. ಎಂಟು ವರ್ಷಗಳ ವನವಾಸದ ಬಳಿಕ 2025ರ ಜೂನ್‌ನಲ್ಲಿ ಮತ್ತೆ ಟೆಸ್ಟ್ ಟೋಪಿ.

ಈಗ ನನ್ನ ತಕರಾರಿನ ತಿರುಳಿಗೆ ಬರುತ್ತೇನೆ. ಇಂಗ್ಲೆಂಡ್ ಪ್ರವಾಸದ ನಾಲ್ಕು ಟೆಸ್ಟ್‌ಗಳಲ್ಲಿ ಅವರು ಗಳಿಸಿದ್ದು 205 ರನ್, ಸರಾಸರಿ 25.62. ಇದು ಹೆಮ್ಮೆಪಡುವ ಅಂಕವಲ್ಲ. ಶಿಕ್ಷಕನಾಗಿ ನಾನದನ್ನು ಮುಚ್ಚಿಡಲಾರೆ. ಅವರಿಂದ ಹೆಚ್ಚಿನದನ್ನು ನಿರೀಕ್ಷಿಸಿದ್ದೆವು ಎಂದು ಆಯ್ಕೆ ಸಮಿತಿಯ ಅಧ್ಯಕ್ಷರು ಹೇಳಿ, ವೆಸ್ಟ್ ಇಂಡೀಸ್ ಸರಣಿಯಿಂದ ಕೈಬಿಟ್ಟರು. ಆದರೆ ಅದೇ ಪ್ರವಾಸದಲ್ಲಿ ಮೂರು ಟೆಸ್ಟ್‌ಗಳಿಂದ 140 ರನ್ ಗಳಿಸಿದ, ಸರಾಸರಿ 23.33 ಇದ್ದ ಸಾಯಿ ಸುದರ್ಶನ್ ಅವರನ್ನು ಉಳಿಸಿಕೊಂಡರು. ಆ ತರುಣ ಪ್ರತಿಭಾವಂತ, ಉಳಿಸಿಕೊಂಡದ್ದು ತಪ್ಪಲ್ಲ. ಆದರೆ ಒಂದೇ ಪ್ರಶ್ನೆಪತ್ರಿಕೆಗೆ ಎರಡು ಕೀ ಉತ್ತರಗಳೇ? ಓವಲ್‌ನ ಕಠಿಣ ಅಂಗಣದಲ್ಲಿ ಭಾರತ 224ಕ್ಕೆ ಕುಸಿದಾಗ 57 ರನ್ ಗಳಿಸಿದವರು ಕರುಣ್; ಆ ಇನಿಂಗ್ಸ್‌ನಲ್ಲಿ ಬೇರಾರೂ ಐವತ್ತು ಮುಟ್ಟಲಿಲ್ಲ. ಆ ಟೆಸ್ಟನ್ನು ನಾವು ಗೆದ್ದದ್ದು ಆರೇ ರನ್‌ಗಳಿಂದ. ಆ 57ನ್ನು ತೆಗೆದುಬಿಟ್ಟು ಲೆಕ್ಕ ಮಾಡಿ ನೋಡಿ.

ನಿಮ್ಮಲ್ಲಿ ಶಿಕ್ಷಕರಾಗಿರುವವರು ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಶಿಬಿರಗಳನ್ನು ಬಲ್ಲಿರಿ. ಮೊದಲು ಎಲ್ಲರೂ ಕುಳಿತು ಕೀ ಉತ್ತರವನ್ನು ಓದಿ ಒಪ್ಪುತ್ತೇವೆ. ಆಮೇಲೆ ಪತ್ರಿಕೆ ತೆರೆಯುತ್ತೇವೆ. ಬರೆದವನ ಹೆಸರು, ಊರು, ವಯಸ್ಸು ನಮಗೆ ತಿಳಿಯದು. ಪತ್ರಿಕೆ ನೋಡಿದ ಮೇಲೆ ಕೀ ಉತ್ತರ ತಿದ್ದುವವನು ಪರೀಕ್ಷಕನಲ್ಲ.

ಮೂವತ್ತು ದಾಟಿದವರಿಗೆ ಭವಿಷ್ಯವೆಲ್ಲಿ ಎನ್ನುವವರಿದ್ದಾರೆ. ವಯಸ್ಸೇ ಕಾರಣವಾದರೆ ಅದನ್ನೇ ನೇರವಾಗಿ ಹೇಳಲಿ. ರನ್ ಸಾಲದು ಎಂಬ ನೆಪ ಬೇಡ. ಮೂವತ್ತಮೂರರಲ್ಲಿ ಕರೆದವರಿಗೆ ಆಗ ಜಾತಕ ತಿಳಿದಿರಲಿಲ್ಲವೇ? ದೇಶೀಯ ಪಂದ್ಯಗಳನ್ನು ಆಡಲೇಬೇಕೆಂದು 2025ರ ಆರಂಭದಲ್ಲಿ ತಾರೆಯರಿಗೆ ಕಟ್ಟುನಿಟ್ಟು ಮಾಡಿದ್ದು ಮಂಡಳಿಯೇ. ಆಡುವುದು ಕಡ್ಡಾಯ, ಆದರೆ ಅಲ್ಲಿ ಗಳಿಸಿದ ರನ್‌ಗೆ ಬೆಲೆಯಿಲ್ಲ ಎಂದರೆ ಹಾಜರಿ ಕಡ್ಡಾಯ ಮಾಡಿ ಪರೀಕ್ಷೆಗೆ ಕೂರಿಸದ ಶಾಲೆಯಂತಾಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು, ಮೇಷ್ಟ್ರಿಗೆ ಕರ್ನಾಟಕದವನೇ ಕಾಣುವುದು ಎಂದು ನೀವು ನಗಬಹುದು. ಇಲ್ಲ. ಕರುಣ್ ಬಿಟ್ಟ ಸ್ಥಾನದ ಸುತ್ತ ಕೇಳಿಬಂದ ಹೆಸರುಗಳಲ್ಲಿ ದೇವದತ್ತ ಪಡಿಕ್ಕಲ್ ಅವರದೂ ಇದೆ, ಅವರೂ ನಮ್ಮವರೇ. ನನ್ನ ವಾದ ಊರಿನದಲ್ಲ, ಅಳತೆಗೋಲಿನದು. ಸರಣಿಗೆ ಮೊದಲೇ ಮಾನದಂಡವನ್ನು ಪ್ರಕಟಿಸಲಿ. ಕೈಬಿಟ್ಟವನಿಗೆ ಕಾರಣವನ್ನು ಲಿಖಿತವಾಗಿ ಕೊಡಲಿ. ರಣಜಿಯ ರನ್‌ಗೆ ಇಷ್ಟು ತೂಕವೆಂದು ನಿಗದಿ ಮಾಡಲಿ. ಈ ಮಾನದಂಡದಲ್ಲಿ ಕರುಣ್ ಸೋತರೆ ನಾನು ತುಟಿ ಬಿಚ್ಚೆನು.

ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಎರಡನೆಯ ಇನಿಂಗ್ಸ್ ಎಂಬುದೊಂದು ಇದ್ದುದರಿಂದ ಆ ಸೊನ್ನೆ ಇಂದು ಒಂದು ಸಿಹಿ ಕಥೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಿಮಗೆಲ್ಲ ವಿಸ್ತರಿಸಿ ಬರೆಯಲು ಕೊಟ್ಟವನು ನಾನು. ಹತ್ತು ಅಂಕಕ್ಕೆ ಎಂಟು ಕೊಟ್ಟದ್ದೂ ಉಂಟು. ನವುಲೆಯ ಆ 174ರ ಬಳಿಕ ಆ ಗಾದೆಯನ್ನು ಮತ್ತೊಮ್ಮೆ ಪಾಠ ಮಾಡಬೇಕಾದರೆ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ನಿಮ್ಮ ಮೇಷ್ಟ್ರ ಮಾತಿನಲ್ಲಿ ತಪ್ಪಿದ್ದರೆ ಸಂಕೋಚವಿಲ್ಲದೆ ತಿದ್ದಿರಿ. ಕೆಂಪು ಶಾಯಿ ಈಗ ನಿಮ್ಮ ಕೈಯಲ್ಲಿದೆ.